ಬೇಳದಿಂದ ಕಲ್ಲಿಕೋಟೆಗೆ ಒಂದು ಸಾಂತ್ವನ ಯಾತ್ರೆ



ಯಾತ್ರೆ ಎಂದ ಕೂಡಲೇ ನಮ್ಮ ಕುಟುಂಬಗಳ ನೆನಪಿಗೆ ಬರುವುದು ವೇಲಾಂಕಣಿ, ಕಾರ್ಕಳದ ಅತ್ತೂರು, ಹಳೆ ಗೋವೆ. ಬಸ್ಸು ಗೊತ್ತು ಮಾಡಿ, ಬುತ್ತಿ ಕಟ್ಟಿಕೊಂಡು, ದಾರಿಯುದ್ದಕ್ಕೂ ಜಪಸರ ಹೇಳುತ್ತ ಹೋಗಿ, ಹರಕೆ ತೀರಿಸಿ, ಮೇಣದ ಬತ್ತಿ ಹಚ್ಚಿ ಬರುತ್ತೇವೆ. ಕಳೆದ ಜನವರಿಯಲ್ಲಿ ನಾವು ಐದು ಮಂದಿ ಹೋಗಿ ಬಂದ ಯಾತ್ರೆ ಬೇರೆ ತೆರನಾದುದು. ನಾವು ಹೋದ ಸ್ಥಳದಲ್ಲಿ ಗೋಪುರವಿಲ್ಲ, ಹರಕೆಯ ಪ್ರತಿಮೆಯಿಲ್ಲ. ಇನ್ನು ಗುಣವಾಗುವುದಿಲ್ಲ ಎಂದು ಹೇಳಿಸಿಕೊಂಡ ರೋಗಿಗಳು ಬರುವ ಜಾಗ ಅದು. ಸಕಲ ಮೃತರನ್ನು ಸ್ಮರಿಸುವ ಈ ನವೆಂಬರ್ ತಿಂಗಳಲ್ಲಿ ಆ ಯಾತ್ರೆಯ ಕತೆಯನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿತು.

ಹೊರಡಲು ಕಾರಣ

ನಮ್ಮ ಧರ್ಮಕೇಂದ್ರದಲ್ಲಿ ಒಬ್ಬ ಅಡಿಕೆ ಕೃಷಿಕರಿದ್ದರು. ಶ್ವಾಸಕೋಶದ ಕ್ಯಾನ್ಸರ್ ಬೆನ್ನೆಲುಬಿಗೆ ಹಬ್ಬಿತ್ತು. ಗಡಿಯಾಚೆಯ ದೊಡ್ಡ ಆಸ್ಪತ್ರೆಗಳಿಗೆ ಅಲೆದು, ತೋಟದ ಒಂದು ಭಾಗ ಮಾರಿದ ಮೇಲೆ ಒಂದು ದಿನ ಅಲ್ಲಿನವರು, "ಇನ್ನು ಮಾಡುವಂಥದ್ದು ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ" ಎಂದರು. ಕೈಗೆ ಬಿಲ್ಲು ಕೊಟ್ಟರು, ಫೈಲು ಕೊಟ್ಟರು. ನೋವಿಗೆ ಏನು ಮಾಡಬೇಕೆಂದು ಹೇಳಲಿಲ್ಲ.

ಮೊದಲ ಶುಕ್ರವಾರ ಪರಮ ಪ್ರಸಾದ ತೆಗೆದುಕೊಂಡು ನಾವು ಅವರ ಮನೆಗೆ ಹೋದಾಗ ಅವರು ಬೈರಾಸನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು. ರಾತ್ರಿ ಅವರು ಕೂಗುವುದು ಕೆಳಗಿನ ಮನೆಯವರೆಗೂ ಕೇಳಿಸುತ್ತದೆ ಎಂದು ನೆರೆಯವರು ಹೇಳಿದರು. ನಾವು ರೋಗಿಗಳ ಅಭ್ಯಂಗ ಸಂಸ್ಕಾರ ನೀಡಿದೆವು. "ನಿಮ್ಮ ನೋವನ್ನು ಪ್ರಭುವಿನ ಶಿಲುಬೆಯ ಜೊತೆ ಒಪ್ಪಿಸಿ" ಎಂದು ಹೇಳಿ ಬಂದೆವು. ಹತ್ತು ದಿನದ ಮೇಲೆ ಅವರು ತೀರಿಕೊಂಡರು.

ತಿಂಗಳ ಪೂಜೆಯ ದಿನ ಬಲಿಪೂಜೆ ಮುಗಿದ ಮೇಲೆ ಅವರ ಹೆಂಡತಿ ಸಕ್ರೀಸ್ತಿಯ ಬಾಗಿಲಲ್ಲಿ ನಿಂತಿದ್ದರು. ಅಳುತ್ತಿರಲಿಲ್ಲ. "ಫಾದರ್, ಒಂದು ಮಾತು ಕೇಳಬೇಕು. ಅವರಿಗೆ ಅಷ್ಟು ನೋವು ಬೇಕಿತ್ತಾ?" ಎಂದರು.

ನಮ್ಮ ಬಳಿ ಉತ್ತರವಿರಲಿಲ್ಲ. ಸೆಮಿನರಿಯಲ್ಲಿ ನಾವು ನೋವಿನ ದೈವಶಾಸ್ತ್ರ ಓದಿದ್ದೆವು. ಯೋಬನ ಗ್ರಂಥದ ಮೇಲೆ ಪ್ರಬಂಧ ಬರೆದಿದ್ದೆವು. ಆದರೆ ನೋವಿನಲ್ಲಿರುವ ಒಬ್ಬ ಮನುಷ್ಯನ ಬಳಿ ಕುಳಿತು, "ಎಲ್ಲಿ ನೋವು? ಎಷ್ಟು ನೋವು? ಔಷಧಿ ಏನು ಕೊಟ್ಟಿದ್ದಾರೆ?" ಎಂದು ಕೇಳಬೇಕೆಂಬುದು ನಮಗೆ ಹೊಳೆದಿರಲಿಲ್ಲ. ಪಾಲನಾ ಮಂಡಳಿಯ ಸಭೆಯಲ್ಲಿ ಈ ವಿಷಯ ಪ್ರಸ್ತಾಪವಾದಾಗ ನಮ್ಮ ಚಿಕಿತ್ಸಾಲಯದ ಸಿಸ್ಟರ್, "ಫಾದರ್, ನಮ್ಮದೇ ರಾಜ್ಯದಲ್ಲಿ, ಕಲ್ಲಿಕೋಟೆಯಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಇದೆ. ದೇಶದವರೆಲ್ಲ ಅಲ್ಲಿಗೆ ಹೋಗಿ ಕಲಿತು ಬರುತ್ತಾರೆ. ನಾವು ಪಕ್ಕದಲ್ಲಿದ್ದೂ ನೋಡಿಲ್ಲ" ಎಂದರು.

ಅದು ಸತ್ಯ. ನಾವು ಕಾಸರಗೋಡಿನ ಕನ್ನಡಿಗರು 1956ರಿಂದ ಕೇರಳದಲ್ಲಿದ್ದರೂ ಕಾಯಿಲೆಗೆ, ಕಾಲೇಜಿಗೆ, ಮದುವೆಯ ಬಟ್ಟೆಗೆ ಉತ್ತರಕ್ಕೆ ಮುಖ ಮಾಡಿದವರು. ತೆಂಕಣ ದಿಕ್ಕಿನಲ್ಲಿ ಏನಿದೆಯೆಂದು ನೋಡಿದ್ದು ಕಡಿಮೆ.

ಹೊರಟವರು ಐವರು: ಸಿಸ್ಟರ್, ವಾಳೆಯ ಒಬ್ಬ ಗುರ್ಕಾರರು, ನಿವೃತ್ತ ಕನ್ನಡ ಮಾಸ್ತರರು, ನಾವು. ಐದನೆಯವರಾಗಿ ಆ ವಿಧವೆ ತಾಯಿಯೇ ಬಂದರು. "ನಾನೂ ನೋಡಬೇಕು ಫಾದರ್" ಎಂದರು. ಬೇಡವೆನ್ನಲು ನಮಗೆ ಬಾಯಿ ಬರಲಿಲ್ಲ.

ದಾರಿಯಲ್ಲಿ

ಹೊರಡುವ ಮುನ್ನಾದಿನ ಸಂಜೆ ಬೇಳದ ದುಃಖಮಾತೆಯ ದೇವಾಲಯಕ್ಕೆ ಹೋಗಿ ಪ್ರಾರ್ಥಿಸಿದೆವು. 1890ರಲ್ಲಿ ಕಟ್ಟಿದ ಗಾಥಿಕ್ ಶೈಲಿಯ ಆ ಇಗರ್ಜಿಯನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ನಮ್ಮ ಹಿರಿಯರು ಕಾಡು ಕಡಿದು, ಕಂಗಿನ ಸಸಿ ನೆಟ್ಟು ಬಾಳಿದ ನೆಲದಲ್ಲಿ ತಮ್ಮ ಇಗರ್ಜಿಯನ್ನು ದುಃಖಮಾತೆಗೆ ಒಪ್ಪಿಸಿದರು. ಮಗು ಸತ್ತ ಮನೆಗಳು, ಜ್ವರದಲ್ಲಿ ಹೋದ ಗಂಡಸರು, ಎಲ್ಲವನ್ನೂ ಅವರು ಆ ತಾಯಿಯ ಮುಂದೆ ತಂದಿಟ್ಟಿರಬೇಕು.

ಬೆಳಕು ಹರಿಯುವ ಮೊದಲೇ ಕಾಸರಗೋಡಿನಲ್ಲಿ ರೈಲು ಹತ್ತಿದೆವು. ಸ್ವಲ್ಪದರಲ್ಲೇ ಚಂದ್ರಗಿರಿ ಹೊಳೆಯ ಸೇತುವೆ, ಕಳನಾಡಿನ ಸುರಂಗ, ಆಮೇಲೆ ಬೇಕಲದ ಕಡಲು. ಪಯ್ಯನ್ನೂರು ದಾಟುವಾಗ ಬೆಳಗಾಯಿತು. ಕಣ್ಣೂರು, ತಲಶ್ಶೇರಿ ದಾಟಿ ಮಾಹೆ. ಕೇರಳದ ನಡುವೆ ಇದ್ದರೂ ಈಗಲೂ ಪುದುಚೇರಿಗೆ ಸೇರಿದ ಈ ಪುಟ್ಟ ಊರಿನಲ್ಲಿ ಆವಿಲಾದ ಸಂತ ತೆರೇಸಾ ದೇವಾಲಯವಿದೆ. ಅಕ್ಟೋಬರಿನ ಹಬ್ಬಕ್ಕೆ ಎಲ್ಲ ಮತದವರೂ ಅಲ್ಲಿಗೆ ಬರುತ್ತಾರೆ. ಮಾಸ್ತರರು ಆ ಕಡೆಗೆ ಕೈ ತೋರಿಸಿದಾಗ ನಾವೆಲ್ಲ ಶಿಲುಬೆಯ ಗುರುತು ಹಾಕಿದೆವು. ತಾಯಿ ಮಾತ್ರ ಕಿಟಕಿಯಾಚೆ ನೋಡುತ್ತ, "ಅವರಿಗೆ ರೈಲೆಂದರೆ ಇಷ್ಟ. ಕೊನೆಗೆ ಆಂಬುಲೆನ್ಸಿನಲ್ಲೇ ಹೋಗಿದ್ದು" ಎಂದರು. ಗಂಡನ ಬಗ್ಗೆ ಅವರು ನಮ್ಮೆದುರು ಆಡಿದ ಎರಡನೆಯ ಮಾತು ಅದು.

ಕಲ್ಲಿಕೋಟೆಯಲ್ಲಿ

ಕಲ್ಲಿಕೋಟೆಯ ಸರಕಾರಿ ವೈದ್ಯಕೀಯ ಕಾಲೇಜಿನ ಆವರಣದಲ್ಲಿದೆ ನಾವು ನೋಡಹೋದ ಇನ್‌ಸ್ಟಿಟ್ಯೂಟ್ ಆಫ್ ಪಾಲಿಯೇಟಿವ್ ಮೆಡಿಸಿನ್. ಇದರ ಹಿಂದಿನ ಕತೆ ಸರಳವಾದುದು. 1993ರಲ್ಲಿ ಅದೇ ಕಾಲೇಜಿನಲ್ಲಿ ಅರಿವಳಿಕೆ ತಜ್ಞರಾಗಿದ್ದ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಕೆಲವು ಗೆಳೆಯರು ಸೇರಿ 'ಪೇನ್ ಅಂಡ್ ಪಾಲಿಯೇಟಿವ್ ಕೇರ್ ಸೊಸೈಟಿ' ಎಂಬ ಸಂಘವನ್ನು ಕಟ್ಟಿದರು. ಶಸ್ತ್ರಚಿಕಿತ್ಸೆಗೆ ಬಂದವರ ನೋವನ್ನು ನಾವು ತೆಗೆಯುತ್ತೇವೆ. ಸಾಯುತ್ತಿರುವವರ ನೋವನ್ನು ಏಕೆ ತೆಗೆಯುತ್ತಿಲ್ಲ ಎಂಬುದು ಅವರ ಪ್ರಶ್ನೆ. ಚಿಕ್ಕದಾಗಿ ಶುರುವಾದ ಕೆಲಸ ಬೆಳೆದು 2003ರಲ್ಲಿ ಈ ಸಂಸ್ಥೆಯಾಯಿತು. ಅದೇ ವರ್ಷ ಡಾ. ರಾಜಗೋಪಾಲ್ ತಿರುವನಂತಪುರದಲ್ಲಿ 'ಪಾಲಿಯಂ ಇಂಡಿಯಾ' ಸ್ಥಾಪಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

ನಾವು ಹೋದಾಗ ಹೊರರೋಗಿಗಳ ಕೋಣೆಯಲ್ಲಿ ಬೆಂಚುಗಳು ತುಂಬಿದ್ದವು. ಒಬ್ಬೊಬ್ಬ ರೋಗಿಯ ಜೊತೆ ಮನೆಯ ಒಬ್ಬರು. ವೈದ್ಯರು ಮೊದಲು ಕೇಳಿದ್ದು ಫೈಲನ್ನಲ್ಲ. "ರಾತ್ರಿ ನಿದ್ದೆ ಬಂತಾ? ಏನು ತಿಂದಿರಿ? ಮನಸ್ಸಿನಲ್ಲಿ ಏನಿದೆ?" ಎಂದು ಕೇಳಿದರು. ಒಬ್ಬ ವಯಸ್ಸಾದ ಸ್ವಯಂಸೇವಕರು ಎಲ್ಲರಿಗೂ ಚಹಾ ಕೊಡುತ್ತಿದ್ದರು. ಹೆಂಡತಿ ಇಲ್ಲಿಯೇ ತೀರಿಕೊಂಡ ಮೇಲೆ ವಾರಕ್ಕೆ ಎರಡು ದಿನ ಬರುತ್ತಾರಂತೆ.

ಹೀಗೆ ಗುಣವಾಗದ ಕಾಯಿಲೆಯಲ್ಲಿ ನೋವು ನಿವಾರಿಸಿ, ರೋಗಿಯನ್ನೂ ಮನೆಯವರನ್ನೂ ಕೊನೆಯವರೆಗೆ ನೋಡಿಕೊಳ್ಳುವುದಕ್ಕೆ ಮಲಯಾಳದಲ್ಲಿ 'ಸಾಂತ್ವನ ಪರಿಚರಣ' ಎನ್ನುತ್ತಾರೆ. ಸಾಂತ್ವನ ಆರೈಕೆ ಎಂದರೆ ನಮಗೂ ತಿಳಿಯುತ್ತದೆ. ಈ ಆಧುನಿಕ ಆರೈಕೆಗೆ ಅಡಿಪಾಯ ಹಾಕಿದವರು ಲಂಡನ್ನಿನ ಡೇಮ್ ಸಿಸಿಲಿ ಸಾಂಡರ್ಸ್. ಮೊದಲು ದಾದಿಯಾಗಿ, ಆಮೇಲೆ ಸಮಾಜ ಸೇವಕಿಯಾಗಿ, ಕೊನೆಗೆ ನೋವಿನ ವಿಷಯ ತಿಳಿಯಲೆಂದೇ ವೈದ್ಯೆಯಾದ ಈ ಕ್ರೈಸ್ತ ಮಹಿಳೆ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. 2005ರಲ್ಲಿ ಅಲ್ಲಿಯೇ ತೀರಿಕೊಂಡರು. ಹಾಸ್ಪಿಸ್ ಎಂದರೆ ಮಧ್ಯಯುಗದಲ್ಲಿ ಯಾತ್ರಿಕರು ತಂಗುತ್ತಿದ್ದ ಛತ್ರ. ಸಾಯುವವರೂ ಯಾತ್ರಿಕರೇ ಎಂಬುದನ್ನು ಆ ಹೆಸರು ನೆನಪಿಸುತ್ತದೆ. ದೇಹದ ನೋವು, ಮನಸ್ಸಿನ ನೋವು, ಸಂಸಾರದ ಚಿಂತೆ, ಆತ್ಮದ ಅಳಲು ಇವು ನಾಲ್ಕನ್ನೂ ಸೇರಿಸಿ ನೋಡಬೇಕು, ಒಂದನ್ನು ಬಿಟ್ಟರೆ ಇನ್ನೊಂದು ಗುಣವಾಗದು ಎಂಬುದು ಅವರ ಬೋಧನೆ. ನಮ್ಮ ದೇಶದ ಮೊದಲ ಹಾಸ್ಪಿಸ್ 1986ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಆರಂಭವಾದ 'ಶಾಂತಿ ಅವೇದನಾ ಸದನ'. ಬೆಂಗಳೂರಿನ 'ಕರುಣಾಶ್ರಯ' 1999ರಲ್ಲಿ ಬಾಗಿಲು ತೆರೆಯಿತು. ಅಲ್ಲಿ ರೋಗಿಗಳಿಂದ ಹಣ ಪಡೆಯುವುದಿಲ್ಲ.

ಒಂದು ಬಿಳಿ ಮಾತ್ರೆ

ಮಧ್ಯಾಹ್ನ ಒಬ್ಬ ಯುವ ವೈದ್ಯರು ನಮ್ಮೊಡನೆ ಕುಳಿತರು. ಅವರ ಮಲಯಾಳವನ್ನು ಮಾಸ್ತರರು ಕನ್ನಡಕ್ಕೆ ಹೇಳುತ್ತಿದ್ದರು. ಕ್ಯಾನ್ಸರಿನ ತೀವ್ರ ನೋವಿಗೆ ಮಾರ್ಫಿನ್ ಎಂಬ ಔಷಧಿ ಇದೆ. ಅದು ಅಫೀಮಿನಿಂದ ಬರುವುದು. ಅಫೀಮು ಬೆಳೆದು ಹೊರದೇಶಕ್ಕೆ ಕಳುಹಿಸುವ ದೇಶ ನಮ್ಮದು. ಆದರೂ 1985ರ ಮಾದಕ ವಸ್ತು ಕಾಯಿದೆಯ ಕಟ್ಟುನಿಟ್ಟಿನಿಂದ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ದೇಶದಲ್ಲಿ ಅದರ ಬಳಕೆ ಹತ್ತು ಹನ್ನೆರಡು ವರ್ಷಗಳಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಕುಸಿಯಿತು. ಒಂದು ತಲೆಮಾರಿನ ವೈದ್ಯರು ಅದನ್ನು ಬಳಸುವುದನ್ನು ಕಲಿಯದೆಯೇ ಪದವಿ ಪಡೆದರು. 2014ರಲ್ಲಿ ಸಂಸತ್ತು ಕಾಯಿದೆಗೆ ತಿದ್ದುಪಡಿ ತಂದು ದಾರಿ ಸುಲಭ ಮಾಡಿತು.

"ಚಟ ಹಿಡಿಯುವುದಿಲ್ಲವೇ?" ಎಂದು ಗುರ್ಕಾರರು ಕೇಳಿದರು. ನೋವಿಗೆ ತಕ್ಕ ಪ್ರಮಾಣದಲ್ಲಿ, ವೈದ್ಯರ ನಿಗಾದಲ್ಲಿ ಕೊಟ್ಟಾಗ ಚಟದ ಭಯ ತೀರ ಕಡಿಮೆ, ಮಲಬದ್ಧತೆ ಆಗುತ್ತದೆ, ಅದಕ್ಕೆ ಜೊತೆಯಲ್ಲೇ ಔಷಧಿ ಕೊಡಬೇಕು ಎಂದರು. ನೋವು ಬಂದ ಮೇಲೆ ನುಂಗುವುದಲ್ಲ. ಬರುವ ಮೊದಲೇ ಗಡಿಯಾರ ನೋಡಿ, ಸಾಮಾನ್ಯವಾಗಿ 4 ಗಂಟೆಗೊಮ್ಮೆ ಕೊಡುವುದು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಈ ಕ್ರಮವನ್ನು ಲೋಕಕ್ಕೆಲ್ಲ ತಿಳಿಸಿತ್ತು.

ಔಷಧಿ ಕೊಡುವ ಸಿಬ್ಬಂದಿ ಬೀಗ ಹಾಕಿದ ಕಪಾಟಿನಿಂದ ಒಂದು ಪಟ್ಟಿ ಮಾತ್ರೆ ತೆಗೆದು ಕಿಟಕಿಯಾಚೆಯಿಂದ ತೋರಿಸಿದರು. 10 ಮಿಲಿಗ್ರಾಮಿನ ಸಣ್ಣ ಮಾತ್ರೆ. ಪುಸ್ತಕದಲ್ಲಿ ಒಂದೊಂದನ್ನೂ ಲೆಕ್ಕವಿಡುವುದರಿಂದ ಕೈಗೆ ಕೊಡಲಿಲ್ಲ. ತಾಯಿ ಅದನ್ನೇ ಬಹಳ ಹೊತ್ತು ನೋಡಿದರು. "ಇಷ್ಟೇಯಾ?" ಎಂದರು. ಸ್ವಲ್ಪ ತಡೆದು, "ಇದಕ್ಕೆ ತುಂಬ ಹಣವಾ?" ಎಂದು ಕೇಳಿದರು. ಕೆಲವೇ ರೂಪಾಯಿ ಎಂದರು. ಆಗ ಆ ತಾಯಿ ಅತ್ತರು. ಗಂಡನ ಶವದ ಮುಂದೆಯೂ ಅಳದವರು ಅಲ್ಲಿನ ಬೆಂಚಿನ ಮೇಲೆ ಕುಳಿತು ಅತ್ತರು.

ವೈದ್ಯರು ಎದ್ದು ಹೋಗಲಿಲ್ಲ. ಸಮಾಧಾನದ ಮಾತೂ ಹೇಳಲಿಲ್ಲ. ಬಳಿ ಕುಳಿತರು. ತಾಯಿ, "ನಾನು ತಪ್ಪು ಮಾಡಿದೆನಾ ಡಾಕ್ಟ್ರೇ?" ಎಂದು ಕೇಳಿದ್ದನ್ನು ಮಾಸ್ತರರು ಗದ್ಗದಿತರಾಗಿ ಮಲಯಾಳಕ್ಕೆ ತಂದರು. "ನಿಮಗೆ ಗೊತ್ತಿದ್ದುದನ್ನೆಲ್ಲ ನೀವು ಮಾಡಿದ್ದೀರಿ. ಗೊತ್ತಿರಬೇಕಾಗಿದ್ದವರು ನಾವು" ಎಂದರು ವೈದ್ಯರು. ಆ 'ನಾವು' ಎಂಬುದರಲ್ಲಿ ಪಾದ್ರಿಗಳೂ ಸೇರಿದ್ದಾರೆಂದು ನಮಗೆ ಅನಿಸಿತು.

ಧರ್ಮಸಭೆ ಏನು ಹೇಳುತ್ತದೆ?

ನೋವು ತೆಗೆಯುವುದು ದೈವಚಿತ್ತಕ್ಕೆ ವಿರುದ್ಧವೇ ಎಂದು ನಮ್ಮಲ್ಲಿ ಕೆಲವರು ಕೇಳುವುದುಂಟು. ಅಲ್ಲ. 1957ರಲ್ಲೇ ಜಗದ್ಗುರು 12ನೇ ಭಕ್ತಿನಾಥರು (ಪಿಯುಸ್) ಅರಿವಳಿಕೆ ವೈದ್ಯರಿಗೆ, ನೋವು ಶಮನವೇ ಉದ್ದೇಶವಾಗಿದ್ದರೆ, ಬೇರೆ ದಾರಿಯಿಲ್ಲದಿದ್ದರೆ, ಪ್ರಬಲ ಔಷಧಿ ಕೊಡುವುದು ನ್ಯಾಯವೆಂದು ತಿಳಿಸಿದ್ದರು. ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಸಾಂತ್ವನ ಆರೈಕೆಯನ್ನು ಪರಸ್ನೇಹದ ವಿಶೇಷ ರೂಪವೆಂದು ಎಣಿಸಿ ಪ್ರೋತ್ಸಾಹಿಸುತ್ತದೆ. ಪ್ರಯೋಜನಕ್ಕಿಂತ ಭಾರವೇ ಹೆಚ್ಚಾದ ಚಿಕಿತ್ಸೆಯನ್ನು ಬೇಡವೆನ್ನುವುದು ಆತ್ಮಹತ್ಯೆಯಲ್ಲ, ದಯಾಮರಣವೂ ಅಲ್ಲ. ಸಾವು ಬರುವುದನ್ನು ಒಪ್ಪಿಕೊಳ್ಳುವುದು. ಕೊಲ್ಲುವ ಉದ್ದೇಶದಿಂದ ಮದ್ದು ಕೊಡುವುದು ಮಾತ್ರ ಎಂದಿಗೂ ಸಲ್ಲದು. 2020ರಲ್ಲಿ ವ್ಯಾಟಿಕನ್ ಹೊರಡಿಸಿದ ಪತ್ರವೂ ಇದನ್ನೇ ಭಲೇ ಸಮಾರಿತನ ಹೆಸರಿನಲ್ಲಿ ವಿವರಿಸಿತು.

ಇನ್ನೊಂದು ಮಾತು. ಅಭ್ಯಂಗ ಸಂಸ್ಕಾರವನ್ನು ಪ್ರಜ್ಞೆ ತಪ್ಪಿದ ಮೇಲೆ ಕೊಡಿಸುವುದು ನಮ್ಮ ಕುಟುಂಬಗಳ ರೂಢಿ. ಪಾದ್ರಿ ಎಣ್ಣೆ ತಂದರೆ ರೋಗಿ ಹೆದರುತ್ತಾನೆಂಬ ಭಯ. ಅದು ಸಾಯುವವರಿಗೆ ಮಾತ್ರವಿರುವ ಸಂಸ್ಕಾರವಲ್ಲ, ಗಂಭೀರ ಕಾಯಿಲೆಯವರಿಗೆಲ್ಲ ಇರುವುದು. ರೋಗಿಗೆ ಮಾತು ಇರುವಾಗಲೇ ಕರೆಯಿರಿ. ಪಾಪ ನಿವೇದನೆ ಮಾಡಲು, ಮನೆಯವರ ಕೈ ಹಿಡಿದು ಕ್ಷಮೆ ಕೇಳಲು ಅವರಿಗೆ ಅವಕಾಶವಿರಲಿ.

ಮಲಪ್ಪುರದ ಮನೆಗಳಲ್ಲಿ

ಮರುದಿನ ಮಲಪ್ಪುರಂ ಜಿಲ್ಲೆಯ ಒಂದು ಪಂಚಾಯತಿಗೆ ಹೋದೆವು. ಆಸ್ಪತ್ರೆಯ ಕೆಲಸವನ್ನು ಊರಿನ ಕೆಲಸವನ್ನಾಗಿ ಮಾಡಿದ ಜಿಲ್ಲೆ ಅದು. 1999ರಿಂದ 2001ರ ಹೊತ್ತಿಗೆ ಅಲ್ಲಿ 'ನೆರೆಹೊರೆಯ ಜಾಲ' ಎಂಬ ಕ್ರಮ ರೂಪುಗೊಂಡಿತು. ವೈದ್ಯರು ಮನೆಗೆ ಬರುವುದು ತಿಂಗಳಿಗೊಮ್ಮೆಯಾದರೆ ಮಿಕ್ಕ ದಿನ ಯಾರು ನೋಡಬೇಕು? ನೆರೆಯವರೇ. ಮೇಸ್ತ್ರಿ, ಆಟೋ ಚಾಲಕ, ಅಧ್ಯಾಪಕಿ, ಕಾಲೇಜು ಹುಡುಗರು ಸುಮಾರು 16 ಗಂಟೆಯ ತರಬೇತಿ ಪಡೆದು ರೋಗಿಗಳ ಮನೆಗೆ ಹೋಗತೊಡಗಿದರು. ಖರ್ಚಿಗೆ ಅಂಗಡಿಗಳಲ್ಲಿ ಡಬ್ಬಿ ಇಟ್ಟರು. 2008ರಲ್ಲಿ ಕೇರಳ ಸರಕಾರ ಸಾಂತ್ವನ ಆರೈಕೆಯ ನೀತಿಯನ್ನು ಪ್ರಕಟಿಸಿತು. ಅಂಥ ನೀತಿ ತಂದ ಮೊದಲ ರಾಜ್ಯ ನಮ್ಮದು. ಆಮೇಲೆ ಪಂಚಾಯತುಗಳು ದಾದಿಯರನ್ನು ನೇಮಿಸಿ ಮನೆ ಭೇಟಿ ನಡೆಸುತ್ತಿವೆ. ಜನವರಿ 15ನ್ನು ರಾಜ್ಯದಲ್ಲಿ ಸಾಂತ್ವನ ಆರೈಕೆಯ ದಿನವಾಗಿ ಆಚರಿಸುತ್ತಾರೆ. ನಾವು ಹೋದದ್ದು ಅದೇ ವಾರ.

ಜೀಪಿನಲ್ಲಿ ದಾದಿಯ ಜೊತೆ ನಾಲ್ಕು ಮನೆ ನೋಡಿದೆವು. ಮೂರು ಮುಸ್ಲಿಂ ಮನೆ, ಒಂದು ಹಿಂದೂ ಮನೆ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನು ಹುಣ್ಣಾಗದಂತೆ ನೋಡಬೇಕು, ಒಣಗಿದ ಬಾಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು ಎಂದು ಆಕೆ ಮನೆಯವರಿಗೆ ಮಾಡಿ ತೋರಿಸಿದರು. ಕೊನೆಯ ದಿನಗಳಲ್ಲಿ ಹಸಿವೆ ಕಡಿಮೆಯಾಗುವುದು ದೇಹದ ಸಹಜ ಕ್ರಮ. ಗಂಜಿ ಕುಡಿಯಲಿಲ್ಲವೆಂದು ಬಲವಂತ ಮಾಡಿದರೆ ಅದು ಉಸಿರಿಗೆ ಸಿಕ್ಕಿಕೊಳ್ಳಬಹುದು ಎಂದರು. ಕಣ್ಣು ಮುಚ್ಚಿದ್ದರೂ ಕಿವಿ ಕೇಳುತ್ತಿರಬಹುದು, ಅವರ ಮುಂದೆ ಆಸ್ತಿಯ ಮಾತು ಆಡಬೇಡಿ ಎಂದೂ ಹೇಳಿದರು. ಇವೆಲ್ಲ ದೊಡ್ಡ ವಿದ್ಯೆಯಲ್ಲ. ಆದರೆ ನಮ್ಮ ಎಷ್ಟು ಮನೆಗಳಲ್ಲಿ ಇದು ಗೊತ್ತಿದೆ?

ದಾರಿಯಲ್ಲಿ ಸಿಸ್ಟರ್ ಆ ದಾದಿಯನ್ನು, "ಇಷ್ಟು ಸಾವು ನೋಡಿ ನಿಮಗೆ ಏನೂ ಆಗುವುದಿಲ್ಲವೇ?" ಎಂದು ಕೇಳಿದರು. ಆಕೆ ನಕ್ಕು, "ಆಗುತ್ತದೆ ಸಿಸ್ಟರ್. ಆಗದಿದ್ದರೆ ಈ ಕೆಲಸ ಬಿಡಬೇಕು" ಎಂದರು. ವಾರಕ್ಕೊಮ್ಮೆ ತಂಡದವರು ಕೂಡುತ್ತಾರಂತೆ. ಆ ವಾರ ತೀರಿಹೋದವರ ಹೆಸರು ಒಂದೊಂದಾಗಿ ಹೇಳುತ್ತಾರೆ. ಅವರ ಬಗ್ಗೆ ನೆನಪಿರುವುದನ್ನು ಯಾರಾದರೂ ಹೇಳುತ್ತಾರೆ. ಅಳು ಬಂದವರು ಅಳುತ್ತಾರೆ. ಆಮೇಲೆ ಚಹಾ ಕುಡಿದು ಮುಂದಿನ ವಾರದ ಪಟ್ಟಿ ಮಾಡುತ್ತಾರೆ. ನಾವು ಗುರುಗಳು ವರ್ಷಕ್ಕೆ ಎಷ್ಟು ಮಂದಿಯನ್ನು ಮಣ್ಣಿಗೆ ಒಪ್ಪಿಸುತ್ತೇವೆ! ಒಂದು ಮಗುವನ್ನು ಮಣ್ಣು ಮಾಡಿ ಬಂದು ಅದೇ ಸಂಜೆ ಮದುವೆ ಮನೆಯಲ್ಲಿ ನಗಬೇಕಾಗುತ್ತದೆ. ಆ ಭಾರವನ್ನು ಎಲ್ಲಿ ಇಳಿಸಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ದುಡಿಯುವ ನಮ್ಮ ಮಕ್ಕಳಿಗೂ, ಗಲ್ಫಿನಲ್ಲಿ, ಮಂಗಳೂರಿನಲ್ಲಿ ನರ್ಸ್ ಆಗಿರುವ ಹುಡುಗಿಯರಿಗೂ ಈ ಭಾರವಿದೆ. ರಜೆಗೆ ಮನೆಗೆ ಬಂದಾಗ ಅವರನ್ನು ಸಂಬಳದ ಬಗ್ಗೆ ಮಾತ್ರ ಕೇಳಬೇಡಿ.

'ವೇದನ'ಯೂ ವೇದನೆಯೂ

ಹಿಂತಿರುಗಿ ಬಂದ ಮೇಲೆ ನಮ್ಮ ಪಂಚಾಯತಿನ ದಾದಿಯನ್ನು ಹುಡುಕಿಕೊಂಡು ಹೋದೆವು. ಆಕೆ ಎಷ್ಟೋ ವರ್ಷದಿಂದ ನಮ್ಮ ಗುಡ್ಡಗಳನ್ನು ಹತ್ತಿ ಇಳಿಯುತ್ತಿದ್ದಾರೆ; ನಮಗೇ ತಿಳಿದಿರಲಿಲ್ಲ. ಎಂಡೋಸಲ್ಫಾನ್ ಬಾಧಿತ ಮಕ್ಕಳ ಮನೆಗಳಿಗೂ ಇಂಥ ದಾದಿಯರು ಹೋಗುತ್ತಾರೆ. 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ವಿಷ ಸುರಿದದ್ದು, ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರುಗಳ ಮನೆಗಳಲ್ಲಿ ಹಾಸಿಗೆ ಬಿಟ್ಟೇಳದ ಮಕ್ಕಳನ್ನು ತಾಯಂದಿರು ಎತ್ತಿ ಸಾಕಿದ್ದು ನಿಮಗೆ ಗೊತ್ತೇ ಇದೆ. 2017ರಲ್ಲಿ ಸುಪ್ರೀಂ ಕೋರ್ಟು ಬಾಧಿತರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಆದರೆ ಆ ತಾಯಂದಿರಿಗೆ ಒಂದು ಮಧ್ಯಾಹ್ನದ ವಿಶ್ರಾಂತಿ ಕೊಡಲು ನೆರೆಯವರೇ ಬೇಕು.

ಆ ದಾದಿ ಮಲಯಾಳದವರು. ಅವರ ಜೊತೆ ನಮ್ಮ ವಾಳೆಯ ಒಬ್ಬ ಅಜ್ಜಿಯ ಮನೆಗೆ ಹೋದೆವು. ದಾದಿ, "ವೇದನಯುಂಡೋ ಅಮ್ಮೇ?" ಎಂದು ಕೇಳಿದರು. ಅಜ್ಜಿ ತಲೆಯಾಡಿಸಿ, "ಹೌದು, ವೇದನೆ ಉಂಟು" ಎಂದರು. ದಾದಿ ಔಷಧಿಯ ಚೀಟಿ ತೆಗೆದರು. ಮಲಯಾಳದಲ್ಲಿ 'ವೇದನ' ಎಂದರೆ ಮೈ ನೋವು. ಅಜ್ಜಿ ಕನ್ನಡ ಶಾಲೆಯಲ್ಲಿ ಕಲಿತವರು. ಅವರಿಗೆ ವೇದನೆ ಎಂದರೆ ದುಃಖಮಾತೆಯ ಪ್ರಾರ್ಥನೆಯಲ್ಲಿ ಬರುವ ಮಾತು. ಜೊತೆಯಲ್ಲಿದ್ದ ತಾಯಿ, ಗಂಡನನ್ನು ಕಳೆದುಕೊಂಡ ಅದೇ ತಾಯಿ, ಅಜ್ಜಿಯ ಮಂಚದ ಅಂಚಿನಲ್ಲಿ ಕುಳಿತು, "ಎಂತ ವೇದನೆ ಬಾಯಮ್ಮ? ಬೇನೆಯಾ, ಮನಸ್ಸಿಗಾ?" ಎಂದು ಮೆಲ್ಲಗೆ ಕೇಳಿದರು. ಆಗ ಹೊರಬಂತು: ಬೆಹರೈನಿನಲ್ಲಿರುವ ಮಗ ಅಪ್ಪನ ಮರಣಕ್ಕೆ ಬರಲಿಲ್ಲ, ಅಂದಿನಿಂದ ಮಾತಿಲ್ಲ. ಬೆನ್ನು ನೋವಿಗೆ ದಾದಿ ಮಾತ್ರೆ ಬರೆಸಿಕೊಟ್ಟರು. ಇನ್ನೊಂದು ವೇದನೆಗೆ ಮಾಸ್ತರರು ಫೋನು ಹಚ್ಚಿದರು. ಮಗ ಈಸ್ಟರಿಗೆ ಬಂದ. ಅಜ್ಜಿ ಜೂನ್ ತಿಂಗಳಲ್ಲಿ ತೀರಿಕೊಂಡರು.

ಗಡಿನಾಡಿನವರಾದ ನಮಗೆ ಇದು ಮುಖ್ಯ ವಿಷಯ. ಮನೆಯಲ್ಲಿ ಕೊಂಕಣಿ, ನೆರೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಆರೋಗ್ಯವಿರುವಾಗ ನಾಲ್ಕೂ ನಡೆಯುತ್ತದೆ. ಸಾಯುವ ಹೊತ್ತಿಗೆ ಮನುಷ್ಯನ ಬಾಯಿಗೆ ಬರುವುದು ಎಳವೆಯ ಭಾಷೆ. ಅದನ್ನು ಕೇಳಿ ದಾದಿಗೆ ತಿಳಿಸುವವರೊಬ್ಬರು ಮಂಚದ ಬಳಿ ಇರಬೇಕು. ಇದನ್ನು ಹೊರಗಿನವರು ಬಂದು ಮಾಡಲಾರರು. 2020ರ ಮಾರ್ಚಿನಲ್ಲಿ ಕೊರೋನಾದ ಕಾರಣ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ನಮ್ಮ ಜಿಲ್ಲೆಯ ಕೆಲವರು ಪ್ರಾಣ ಬಿಟ್ಟರು. ದೂರದ ಆಸ್ಪತ್ರೆಯನ್ನೇ ನಂಬಿದ್ದ ನಮಗೆ ಮನೆಯ ಹತ್ತಿರದ ಆರೈಕೆಯ ಬೆಲೆ ಅಂದು ತಿಳಿಯಬೇಕಾಗಿತ್ತು.

ಉಳಿದವರ ದುಃಖ

ನಮ್ಮಲ್ಲಿ ಮರಣದ ಗಂಟೆ ಬಾರಿಸಿದ ಕೂಡಲೇ ವಾಳೆಗೆ ವಾಳೆಯೇ ಸೇರುತ್ತದೆ. ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಗಂಜಿ ತರುತ್ತಾರೆ. ಏಳನೆಯ ದಿನದ ಪೂಜೆ, ತಿಂಗಳ ಪೂಜೆ. ಇದು ನಮ್ಮ ಹಿರಿಯರು ಕೊಟ್ಟ ಒಳ್ಳೆಯ ಬಳುವಳಿ. ಆದರೆ ತಿಂಗಳ ಪೂಜೆ ಮುಗಿದ ಮೇಲೆ ಅಂಗಳ ಬರಿದಾಗುತ್ತದೆ. ನಿಜವಾದ ಒಂಟಿತನ ಆಗ ಶುರು. ಮೂರನೆಯ ತಿಂಗಳಲ್ಲಿ, ಮೊದಲ ಕ್ರಿಸ್ಮಸ್ಸಿನಲ್ಲಿ, ತೀರಿಹೋದವರ ಹುಟ್ಟಿದ ದಿನ ಒಮ್ಮೆ ಹೋಗಿ ಕುಳಿತು ಬನ್ನಿ.

ಹೋದಾಗ "ಎಲ್ಲ ದೇವರ ಚಿತ್ತ", "ಅತ್ತು ಏನು ಪ್ರಯೋಜನ" ಎನ್ನಬೇಡಿ. ಎಬ್ಬಿಸುವೆನೆಂದು ತಿಳಿದಿದ್ದೂ ಪ್ರಭು ಯೇಸು ಲಾಜರನ ಸಮಾಧಿಯ ಬಳಿ ಅತ್ತರು. ತೀರಿಹೋದವರ ಹೆಸರು ಹೇಳಿ, ಅವರ ಒಂದು ನೆನಪು ಹೇಳಿ. ಮಕ್ಕಳಿಗೆ "ಅಪ್ಪ ಊರಿಗೆ ಹೋಗಿದ್ದಾರೆ" ಎಂದು ಸುಳ್ಳು ಹೇಳಬೇಡಿ. ಅವರ ವಯಸ್ಸಿಗೆ ತಿಳಿಯುವಂತೆ ನಿಜ ಹೇಳಿ. ದುಃಖಕ್ಕೆ ಐದು ಮೆಟ್ಟಿಲುಗಳಿವೆ, ಒಂದೊಂದಾಗಿ ದಾಟಬೇಕು ಎಂಬ ಮಾತು ಪ್ರಚಾರದಲ್ಲಿದೆ. 1969ರಲ್ಲಿ ಡಾ. ಎಲಿಜಬೆತ್ ಕ್ಯೂಬ್ಲರ್ ರಾಸ್ ಬರೆದದ್ದು ಸಾಯುತ್ತಿರುವ ರೋಗಿಗಳ ಮನಸ್ಸಿನ ಬಗ್ಗೆ. ಉಳಿದವರ ದುಃಖ ಮೆಟ್ಟಿಲಿನಂತಿಲ್ಲ, ಕಡಲಿನ ತೆರೆಯಂತೆ ಹೋಗಿ ಮತ್ತೆ ಬರುತ್ತದೆ. ಆರು ತಿಂಗಳು ಕಳೆದರೂ ಊಟ ನಿದ್ದೆ ಕೆಲಸ ಯಾವುದೂ ಸಾಗದಿದ್ದರೆ, ಬದುಕೇ ಬೇಡವೆಂಬ ಮಾತು ಯಾವಾಗಲೇ ಬಂದರೂ, ತಡ ಮಾಡದೆ ವೈದ್ಯರಿಗೆ ತೋರಿಸಿ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಅದು ಉಚಿತ, ಕನ್ನಡದಲ್ಲೂ ಮಲಯಾಳದಲ್ಲೂ ಮಾತನಾಡಬಹುದು.

ದುಃಖಮಾತೆಯ ಬಳಿಗೆ ಮತ್ತೆ

ಈಗ ನಮ್ಮ ಧರ್ಮಕೇಂದ್ರದಲ್ಲಿ ಹನ್ನೊಂದು ಮಂದಿ ತರಬೇತಿ ಪಡೆದು ಪ್ರತಿ ಗುರುವಾರ ಮಧ್ಯಾಹ್ನ ದಾದಿಯ ಜೊತೆ ಹೋಗುತ್ತಿದ್ದಾರೆ. ಕ್ರೈಸ್ತರ ಮನೆ ಮಾತ್ರವೆಂದಲ್ಲ, ಯಾರ ಮನೆಯಾದರೂ ಸರಿ. ದೊಡ್ಡ ಸಂಗತಿಯೇನೂ ಅಲ್ಲ. ಕೆಲವು ಗುರುವಾರ ಇಬ್ಬರೇ ಬರುತ್ತಾರೆ. ಮಳೆಗಾಲದಲ್ಲಿ ಎರಡು ವಾರ ಯಾರೂ ಹೋಗಲಿಲ್ಲ. ಒಂದು ವಾರವೂ ತಪ್ಪಿಸದೆ ಹೆಚ್ಚು ಮನೆಗಳಿಗೆ ಹೋದವರು ಆ ತಾಯಿ.

ಸೆಪ್ಟೆಂಬರ್ 15ರಂದು ದುಃಖಮಾತೆಯ ಹಬ್ಬಕ್ಕೆ ನಾವೆಲ್ಲ ಬೇಳಕ್ಕೆ ಹೋಗಿದ್ದೆವು. ಬಲಿಪೂಜೆಯ ಬಳಿಕ ಆ ತಾಯಿ ಬಳಿಗೆ ಬಂದು, "ಫಾದರ್, ಅಂದು ಕೇಳಿದ್ದಕ್ಕೆ ಉತ್ತರ ನೀವು ಕೊಡಲಿಲ್ಲ" ಎಂದರು. ನಾವು ತಲೆ ತಗ್ಗಿಸಿ, "ಇಲ್ಲ ಬಾಯಮ್ಮ. ಅವರಿಗೆ ಅಷ್ಟು ನೋವು ಬೇಕಿರಲಿಲ್ಲ. ನಾವು ಕೇಳಬೇಕಿತ್ತು, ಕೇಳಲಿಲ್ಲ. ಕ್ಷಮಿಸಿ" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಡಿದ್ದು ಗುರುವಾರ ಕೆಳಗಿನ ಮನೆಗೆ ಹೋಗಬೇಕು, ಜೀಪು ಹೇಳಿ ಇಡಿ" ಎಂದು ಹೊರಟರು.

ಶಿಲುಬೆಯ ಕೆಳಗೆ ನಿಂತ ಮಾತೆ ಮರಿಯಳು ಮೊಳೆ ಕೀಳಲಾರದೆ ಹೋದಳು, ಮಗನ ಬಾಯಾರಿಕೆ ತಣಿಸಲಾರದೆ ಹೋದಳು. ಆದರೂ ಬಿಟ್ಟು ಹೋಗಲಿಲ್ಲ. ನಮ್ಮ ಕೈಯಲ್ಲಿ ಇಂದು ನೋವು ಇಳಿಸುವ ಮದ್ದೂ ಇದೆ, ಮನೆಗೆ ಬರುವ ದಾದಿಯೂ ಇದ್ದಾರೆ. ಪ್ರಿಯ ಕುಟುಂಬಗಳೇ, ಈ ತಿಂಗಳು ಸಮಾಧಿಗಳಿಗೆ ಹೂವಿಟ್ಟು ಬತ್ತಿ ಹಚ್ಚುವಾಗ ನಿಮ್ಮ ವಾಳೆಯಲ್ಲಿ ಹಾಸಿಗೆ ಹಿಡಿದವರು ಯಾರಿದ್ದಾರೆಂದು ಒಮ್ಮೆ ನೆನಪು ಮಾಡಿಕೊಳ್ಳಿ. ಅವರ ಮನೆಗೆ ಹೋಗಿ, ಮಂಚದ ಬಳಿ ಕುಳಿತು, ಅವರ ಭಾಷೆಯಲ್ಲಿ ಕೇಳಿ: "ಎಲ್ಲಿ ನೋವು?" ಉತ್ತರ ಬರುವವರೆಗೂ ಕುಳಿತಿರಿ.

ಅಗಲಿದ ನಮ್ಮೆಲ್ಲ ಆತ್ಮೀಯರಿಗೆ ಪ್ರಭು ನಿತ್ಯ ಶಾಂತಿ ದಯಪಾಲಿಸಲಿ. ದುಃಖಮಾತೆಯೂ, ಸನ್ಮರಣದ ಪಾಲಕರಾದ ಸಂತ ಜೋಸೆಫರೂ ನಮ್ಮ ಮನೆಗಳನ್ನು ಕಾಯಲಿ.